ಕಣ್ಣು ಅಳೆಯುವ ಮೊದಲು ತಲೆ ನಿಲ್ಲಲಿ

ಸಂಪಾದಕರೇ, ನಮಸ್ಕಾರ.

ನಿಮ್ಮ ವಿಜ್ಞಾನ ಪುಟದಲ್ಲಿ ಐ ಟ್ರ್ಯಾಕಿಂಗ್ ಬಗ್ಗೆ ಬಂದ ಬರಹ ಓದಿದೆ. ಕಣ್ಣು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅಲ್ಲಿಂದ ಎಲ್ಲಿಗೆ ಹಾರುತ್ತದೆ ಅನ್ನುವುದನ್ನು ಸೆಕೆಂಡಿಗೆ 1000 ಸಲ ಅಳೆಯುವ ಕ್ಯಾಮೆರಾಗಳ ಬಗ್ಗೆ ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಅಷ್ಟುದ್ದದ ಬರಹದಲ್ಲಿ ಆ ಕಣ್ಣುಗಳನ್ನು ಹೊತ್ತ ತಲೆಯ ಬಗ್ಗೆ ಒಂದು ಸಾಲೂ ಇಲ್ಲ. ಇಂಥ ಪ್ರಯೋಗಗಳಿಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಹಣೆ ಸರಿಮಾಡಿ, ಕ್ಯಾಮೆರಾ ಹೊಂದಿಸುವ ಕೆಲಸವನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಹಾಕಿ.

ನಾನು ಹೇಳಬೇಕಾದ್ದು ಒಂದೇ. ದುಬಾರಿ ಕ್ಯಾಮೆರಾ ತಂದು, ಕುರ್ಚಿ ಮತ್ತು ಚಿನ್ ರೆಸ್ಟ್ (ಗದ್ದ ಇಡುವ ಆಸರೆ) ಬಗ್ಗೆ ಯೋಚಿಸದೇ ಇದ್ದರೆ ಆ ಕ್ಯಾಮೆರಾ ಅಳೆಯುವುದು ಕಣ್ಣನ್ನಲ್ಲ, ಕತ್ತಿನ ಸುಸ್ತನ್ನು. ತಲೆ ನಿಲ್ಲಬೇಕು ಅಂದರೆ ಮನುಷ್ಯ ಆರಾಮಾಗಿ ಕೂತಿರಬೇಕು. ಬಿಗಿಯಾಗಿ ಹಿಡಿದಷ್ಟೂ ತಲೆ ನಿಲ್ಲುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ನಾನು ನೋಡಿದ್ದು ಅದರ ಉಲ್ಟಾ.

ಮೊದಲು ಯಂತ್ರ ಏನು ಮಾಡುತ್ತದೆ ಅಂತ ನೋಡೋಣ. ಈಗಿನ ಹೆಚ್ಚಿನ ಐ ಟ್ರ್ಯಾಕರ್‌ಗಳು ಕಣ್ಣಿನ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ. ಅದು ನಮಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಕ್ಯಾಮೆರಾ ಎರಡು ಗುರುತು ಹುಡುಕುತ್ತದೆ. ಒಂದು, ಕಪ್ಪಗೆ ಕಾಣುವ ಪಾಪೆಯ ನಡುಮಧ್ಯ. ಇನ್ನೊಂದು, ಕಣ್ಣಿನ ಮುಂದಿನ ಪಾರದರ್ಶಕ ಪದರ ಇದೆಯಲ್ಲ, ಕಾರ್ನಿಯಾ, ಅದರ ಮೇಲೆ ಮಿಂಚುವ ಬೆಳಕಿನ ಚುಕ್ಕೆ. ಕಣ್ಣು ತಿರುಗಿದಾಗ ಇವೆರಡರ ನಡುವಿನ ಅಂತರ ಬದಲಾಗುತ್ತದೆ. ಪ್ರಯೋಗ ಶುರುವಾಗುವ ಮೊದಲು ಪರದೆಯ ಮೇಲೆ 5, 9 ಅಥವಾ 13 ಚುಕ್ಕೆಗಳನ್ನು ಒಂದೊಂದಾಗಿ ತೋರಿಸಿ, ಇದನ್ನು ನೋಡಿ, ಈಗ ಇದನ್ನು ನೋಡಿ ಅನ್ನುತ್ತೇವೆ. ಯಾವ ಅಂತರಕ್ಕೆ ಪರದೆಯ ಯಾವ ಜಾಗ ಅಂತ ಸಾಫ್ಟ್‌ವೇರ್ ಆಗ ಕಲಿತುಕೊಳ್ಳುತ್ತದೆ. ಇದೇ ಕ್ಯಾಲಿಬ್ರೇಶನ್. ಇಲ್ಲಿ ಒಂದು ಗುಟ್ಟಿದೆ: ಸಾಫ್ಟ್‌ವೇರ್ ಕಲಿತದ್ದು ತಲೆ ಆ ಹೊತ್ತಿನಲ್ಲಿ ಎಲ್ಲಿತ್ತೋ ಆ ಜಾಗಕ್ಕೆ ಮಾತ್ರ. ತಲೆ ಅಲ್ಲಿಂದ ಸರಿದರೆ ಕಲಿತ ಪಾಠ ನಿಧಾನವಾಗಿ ಸುಳ್ಳಾಗುತ್ತಾ ಹೋಗುತ್ತದೆ, ಆದರೆ ಪರದೆಯ ಮೇಲಿನ ಅಂಕಿಗಳು ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿ, ದಶಮಾಂಶದ ಸಮೇತ, ಬರುತ್ತಲೇ ಇರುತ್ತವೆ.

ಎಷ್ಟು ಸರಿದರೆ ಎಷ್ಟು ತಪ್ಪು? ಇದನ್ನು ಕಾಗದದ ಮೇಲೆ ಯಾರು ಬೇಕಾದರೂ ಲೆಕ್ಕ ಹಾಕಬಹುದು. ದೊಡ್ಡವರ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್. ಅಂದರೆ ತ್ರಿಜ್ಯ 12. ಗುಡ್ಡೆ 1 ಡಿಗ್ರಿ ತಿರುಗಿದರೆ ಪಾಪೆ ಪಕ್ಕಕ್ಕೆ ಸರಿಯುವುದು ಸುಮಾರು 0.2 ಮಿಲಿಮೀಟರ್, ಅಷ್ಟೇ. ಈಗ ಇದನ್ನೇ ತಿರುಗಿಸಿ ನೋಡಿ. ಕಣ್ಣು ಒಂಚೂರೂ ತಿರುಗದೆ ಇಡೀ ತಲೆ 1 ಮಿಲಿಮೀಟರ್ ಪಕ್ಕಕ್ಕೆ ಜಾರಿತು ಅಂತಿಟ್ಟುಕೊಳ್ಳಿ. ಪಾಪೆಯನ್ನಷ್ಟೇ ನೋಡುವ ಯಂತ್ರಕ್ಕೆ ಅದು ಸುಮಾರು 5 ಡಿಗ್ರಿ ಕಣ್ಣು ತಿರುಗಿದ ಹಾಗೆ ಕಾಣುತ್ತದೆ. ಪರದೆ 57 ಸೆಂಟಿಮೀಟರ್ ದೂರದಲ್ಲಿದ್ದರೆ 1 ಡಿಗ್ರಿ ಅಂದರೆ ಹೆಚ್ಚುಕಮ್ಮಿ 1 ಸೆಂಟಿಮೀಟರ್. ಹಾಗಾದರೆ 5 ಸೆಂಟಿಮೀಟರ್ ತಪ್ಪು! ಓದುವ ಪ್ರಯೋಗದಲ್ಲಿ ಅದು ಒಂದೆರಡು ಪದ ಆಚೆ ಹೋದ ಹಾಗೆ. ಮೇಲೆ ಕೆಳಗೆ ಜಾರಿದರೆ ಸಾಲೇ ಬದಲಾಗುತ್ತದೆ.

ಅದಕ್ಕೇ ಕಾರ್ನಿಯಾದ ಹೊಳಪನ್ನೂ ಜೊತೆಗೆ ನೋಡುವುದು ಅಂತ ತಿಳಿದವರು ಹೇಳುತ್ತಾರೆ. ನಿಜ. ತಲೆ ಪಕ್ಕಕ್ಕೆ ಸರಿದಾಗ ಪಾಪೆ ಮತ್ತು ಹೊಳಪು ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ಸರಿಯುತ್ತವೆ, ಅಂತರ ಹಾಗೇ ಉಳಿಯುತ್ತದೆ, ತಪ್ಪು ಬಹಳಷ್ಟು ಕಳೆದುಹೋಗುತ್ತದೆ. ಒಳ್ಳೆಯ ಉಪಾಯವೇ. ಆದರೆ ಇದನ್ನು ನಂಬಿಕೊಂಡು ತಲೆಯನ್ನು ಅದರ ಪಾಡಿಗೆ ಬಿಟ್ಟರೆ ಆಗಲ್ಲ. ತಲೆ ಹಿಂದೆ ಮುಂದೆ ಹೋದರೆ, ಒಂದು ಭುಜದ ಕಡೆ ವಾಲಿದರೆ, ಕ್ಯಾಮೆರಾ ನೋಡುವ ಕೋನ ಬದಲಾದರೆ ಆ ಅಂತರದ ಲೆಕ್ಕವೂ ಹಳಿ ತಪ್ಪುತ್ತದೆ. ಕಣ್ಣು ಕ್ಯಾಮೆರಾದ ಫೋಕಸ್‌ನಿಂದ ಹೊರಗೆ ಹೋದರೆ ಹೊಳಪಿನ ಅಂಚು ಮಸುಕಾಗುತ್ತದೆ, ಅಂಕಿಗಳು ಅದುರತೊಡಗುತ್ತವೆ.

ಇನ್ನೊಂದು ವಿಷಯ ಇದೆ, ಇದನ್ನು ಹೊಸಬರು ಹೆಚ್ಚಾಗಿ ಗಮನಿಸುವುದಿಲ್ಲ. ತಲೆ ಅಲ್ಲಾಡಿದಾಗ ನಮ್ಮ ಕಣ್ಣು ಸುಮ್ನೆ ಕೂರುವುದಿಲ್ಲ. ಒಳಕಿವಿಯಲ್ಲಿರುವ ಸಮತೋಲನದ ಅಂಗ ತಲೆಯ ಚಲನೆಯನ್ನು ಹಿಡಿದು, ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲೇ ಕಣ್ಣನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ತಲೆ ಬಲಕ್ಕೆ ಹೋದರೆ ಕಣ್ಣು ಎಡಕ್ಕೆ. ನಡೆಯುವಾಗ, ಓಡುವಾಗ ನಮಗೆ ಲೋಕ ಕುಣಿಯದೇ ಇರುವುದು ಇದರಿಂದಲೇ. ದೇಹಕ್ಕೆ ಇದು ವರ, ಪ್ರಯೋಗಕ್ಕೆ ತಲೆನೋವು. ಎದುರಿನ ಚುಕ್ಕೆಯ ಮೇಲಿಂದ ದೃಷ್ಟಿ ಕದಲಿಲ್ಲ, ಆದರೂ ಕಣ್ಣು ಗೂಡಿನೊಳಗೆ ನಿಜವಾಗಿ ತಿರುಗಿದೆ. ನೀವು ಅಳೆಯಲು ಹೊರಟದ್ದು ಒಂದು ಡಿಗ್ರಿಗಿಂತ ಸಣ್ಣ ಮೈಕ್ರೋಸ್ಯಾಕೇಡ್‌ಗಳನ್ನಾದರೆ, ಅಂದರೆ ನೋಟ ನಿಲ್ಲಿಸಿದಾಗಲೂ ಕಣ್ಣು ತಾನಾಗಿಯೇ ಮಾಡುವ ಪುಟ್ಟ ಜಿಗಿತಗಳನ್ನಾದರೆ, ಉಸಿರಾಟಕ್ಕೆ ಏರಿಳಿಯುವ ತಲೆಯೂ ನಿಮಗೆ ಶತ್ರು.

ಪಾಪೆಯ ಗಾತ್ರ ಅಳೆಯುವವರ ಪಾಡು ಇನ್ನೂ ಸೂಕ್ಷ್ಮ. ಮನಸ್ಸು ಕಷ್ಟದ ಲೆಕ್ಕ ಮಾಡುವಾಗ ಪಾಪೆ ಸ್ವಲ್ಪ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ? ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಒಳಗೆ, ಎಷ್ಟೋ ಸಲ ಅದಕ್ಕಿಂತ ಬಹಳ ಕಡಿಮೆ. ಕ್ಯಾಮೆರಾ ಮಾತ್ರ ಮಿಲಿಮೀಟರ್ ಅರಿಯದು, ಅದು ಎಣಿಸುವುದು ಪಿಕ್ಸೆಲ್. ತಲೆ ಹತ್ತಿರ ಬಂದರೆ ಪಾಪೆ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾದಿಂದ 60 ಸೆಂಟಿಮೀಟರ್ ದೂರದಲ್ಲಿದ್ದ ಕಣ್ಣು 58ಕ್ಕೆ ಬಂದರೆ ಅದೇ ಪಾಪೆಯ ವ್ಯಾಸ ಶೇಕಡಾ 3ಕ್ಕಿಂತ ಜಾಸ್ತಿ, ವಿಸ್ತೀರ್ಣ ಸುಮಾರು 7ರಷ್ಟು ಜಾಸ್ತಿ. 4 ಮಿಲಿಮೀಟರ್ ಪಾಪೆಗೆ ಅದು 0.14 ಮಿಲಿಮೀಟರ್ ಹಿಗ್ಗಿದ ಹಾಗೆ. ಅರ್ಧ ಗಂಟೆ ಕೂತವರು ಸುಸ್ತಾಗಿ ಎರಡು ಸೆಂಟಿಮೀಟರ್ ಮುಂದಕ್ಕೆ ಬಾಗುವುದು ಏನು ದೊಡ್ಡ ವಿಷಯವಲ್ಲ ಅಲ್ವಾ? ಆದರೆ ಆ ಬಾಗುವಿಕೆ ಗ್ರಾಫಿನಲ್ಲಿ, ಪ್ರಯೋಗ ಸಾಗಿದಂತೆ ಜನ ಹೆಚ್ಚು ಹೆಚ್ಚು ಯೋಚಿಸತೊಡಗಿದರು ಅನ್ನುವ ಹಾಗೆ ಕಾಣುತ್ತದೆ. ಇದು ನನ್ನನ್ನು ಯಾವಾಗಲೂ ಕಾಡುವ ವಿಷಯ. ಕ್ಯಾಮೆರಾಗೆ ಕಣ್ಣೇ ಸಿಗದೇ ಹೋದರೆ ಗೊತ್ತಾಗುತ್ತದೆ, ಗ್ರಾಫಿನಲ್ಲಿ ತೂತು ಬೀಳುತ್ತದೆ. ಇಂಥ ತಪ್ಪು ಮಾತ್ರ ಒಳ್ಳೆಯ ಫಲಿತಾಂಶದ ವೇಷದಲ್ಲಿ ಬರುತ್ತದೆ.

ಹಳೆಯ ಕಾಲದವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಚಲನೆ ಅಳೆಯುವಾಗ ಹಲ್ಲಿನಿಂದ ಕಚ್ಚಿ ಹಿಡಿಯುವ ಹಲಗೆ ಬಳಸಿದ್ದರು. 1901ರಲ್ಲಿ ಡಾಜ್ ಮತ್ತು ಕ್ಲೈನ್ ಕಾರ್ನಿಯಾದ ಹೊಳಪನ್ನು ಚಲಿಸುವ ಫೋಟೋ ಪ್ಲೇಟಿನ ಮೇಲೆ ಬೀಳಿಸಿ ದಾಖಲಿಸಿದರು. ಸೋವಿಯತ್ ವಿಜ್ಞಾನಿ ಯಾರ್ಬಸ್, ಕಣ್ಣಿಗೆ ಅಂಟಿಕೊಳ್ಳುವ ಪುಟ್ಟ ಬಟ್ಟಲಿನ ಮೇಲೆ ಕನ್ನಡಿ ಕೂರಿಸಿ, ತಲೆಗೆ ಆಸರೆ ಕೊಟ್ಟು, ಚಿತ್ರ ನೋಡುವ ಕಣ್ಣಿನ ಹಾದಿಯನ್ನು ಬರೆಸಿದರು. ಒಂದೇ ಚಿತ್ರ, ಕೇಳಿದ ಪ್ರಶ್ನೆ ಬೇರೆಯಾದರೆ ಕಣ್ಣಿನ ಹಾದಿಯೂ ಬೇರೆ ಅಂತ ಅವರು ತೋರಿಸಿದ್ದನ್ನು ಇವತ್ತಿಗೂ ಪಾಠದಲ್ಲಿ ಹೇಳುತ್ತಾರೆ. 1963ರಲ್ಲಿ ರಾಬಿನ್ಸನ್ ಕಣ್ಣಿನ ಮೇಲೆ ತಂತಿಯ ಸುರುಳಿ ಇಟ್ಟು ಕಾಂತಕ್ಷೇತ್ರದಲ್ಲಿ ಅಳೆಯುವ ವಿಧಾನ ತಂದರು. ಕಣ್ಣಿಗೇ ಬಟ್ಟಲು, ಸುರುಳಿ ಅಂಟಿಸುವ ವಿಧಾನಗಳಲ್ಲಿ ಕೂತವರಿಗೆ ಆದ ಹಿಂಸೆ ನೆನೆದರೆ ಈಗಿನ ಕ್ಯಾಮೆರಾಗಳಿಗೆ ಕೈ ಮುಗಿಯಬೇಕು. ಆದರೆ ಕಣ್ಣನ್ನು ಮುಟ್ಟುವ ಕಷ್ಟ ತಪ್ಪಿತು ಅಂತ ತಲೆಯನ್ನೂ ಮರೆತುಬಿಟ್ಟೆವೇನೋ.

ಹಲ್ಲಿನಿಂದ ಕಚ್ಚಿ ಹಿಡಿಯುವ ಆ ಹಲಗೆ, ಅಂದರೆ ಬೈಟ್ ಬಾರ್ ಬಗ್ಗೆ ಎರಡು ಮಾತು. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವಂಥ ಪದಾರ್ಥವನ್ನು ಮೆದು ಮಾಡಿ, ಲೋಹದ ಪಟ್ಟಿಗೆ ಮೆತ್ತಿ, ಕೂತವರಿಂದ ಕಚ್ಚಿಸಿ, ಗಟ್ಟಿಯಾಗಲು ಬಿಡುತ್ತಾರೆ. ಮೇಲಿನ ಹಲ್ಲುಗಳು ತಲೆಬುರುಡೆಗೇ ಅಂಟಿವೆ. ಹಣೆಯ ಚರ್ಮ ಜಾರುತ್ತದೆ, ಗದ್ದ ಅಲ್ಲಾಡುತ್ತದೆ, ಮೇಲ್ದವಡೆ ಮಾತ್ರ ಬುರುಡೆ ಹೋದ ಕಡೆಗೇ ಹೋಗುತ್ತದೆ. ಹಾಗಾಗಿ ತಲೆ ನಿಲ್ಲಿಸಲು ಇದಕ್ಕಿಂತ ಗಟ್ಟಿ ದಾರಿ ಇಲ್ಲ ಅನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಜೊಲ್ಲು ಸುರಿಯುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ, ದವಡೆ ನೋಯುತ್ತದೆ, ಕಟ್ಟಿಸಿದ ಹಲ್ಲಿದ್ದವರಿಗೆ ಭಯ. ಒಬ್ಬೊಬ್ಬರಿಗೂ ಬೇರೆ ಅಚ್ಚೇ ಬೇಕು, ಸ್ವಚ್ಛತೆಯಲ್ಲಿ ಒಂಚೂರೂ ರಾಜಿ ಇಲ್ಲ. ತೀರಾ ಸಣ್ಣ ಚಲನೆಗಳನ್ನು ಅಳೆಯುವ ಪ್ರಯೋಗಕ್ಕೆ, ಅದೂ ತರಬೇತಿ ಇದ್ದು ಮನಸ್ಸಾರೆ ಒಪ್ಪಿದವರಿಗೆ, ಸರಿ. ಮೊದಲ ಸಲ ಲ್ಯಾಬಿಗೆ ಬಂದ ವಿದ್ಯಾರ್ಥಿಗೆ ಇದನ್ನು ಕಚ್ಚಿಸುವುದು ನನಗೆ ಸರಿ ಕಾಣಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಆ ಅಸಹನೆ ಹೋಗುವುದಿಲ್ಲ.

ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಚಿನ್ ರೆಸ್ಟ್. ಮೇಜಿನ ಅಂಚಿಗೆ ಕಚ್ಚಿಸಿದ ಕಂಬ, ಅದರ ಮೇಲೆ ಗದ್ದ ಇಡಲು ಒಂದು ಬಟ್ಟಲು, ಅದೃಷ್ಟ ಇದ್ದರೆ ಹಣೆಗೆ ಒಂದು ಪಟ್ಟಿ. ಅದೃಷ್ಟ ಇದ್ದರೆ ಅಂತ ಯಾಕೆ ಅಂದೆ ಅಂದರೆ, ಎಷ್ಟೋ ಕಡೆ ಹಣೆಪಟ್ಟಿಯೇ ಇರುವುದಿಲ್ಲ. ಗದ್ದ ಇಟ್ಟರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು! ಗದ್ದ ಅನ್ನುವುದು ಕೆಳದವಡೆ, ಅದು ತಲೆಬುರುಡೆಗೆ ತೂಗುಹಾಕಿದ ಬಾಗಿಲು. ಗದ್ದ ಬಟ್ಟಲಿನಲ್ಲಿ ಕೂತಿರುವಾಗ ಬಾಯಿ ತೆರೆದರೆ ಗದ್ದ ಕೆಳಗೆ ಹೋಗಲು ಜಾಗವಿಲ್ಲ, ಆದ್ದರಿಂದ ಇಡೀ ತಲೆಯೇ ಮೇಲಕ್ಕೆ ಏಳುತ್ತದೆ. ಪ್ರಯೋಗದಲ್ಲಿ ಕೂತವರು ಪದ ಓದಿ ಹೇಳಬೇಕು, ಉತ್ತರವನ್ನು ಬಾಯಲ್ಲಿ ಹೇಳಬೇಕು ಅಂತಿದ್ದರೆ ಒಂದೊಂದು ಮಾತಿಗೂ ಕಣ್ಣು ಮೇಲೆ ಕೆಳಗೆ ಹೋಗುತ್ತದೆ. ಉಗುಳು ನುಂಗಿದರೂ ಅಷ್ಟೇ, ಕಡಿಮೆ ಪ್ರಮಾಣದಲ್ಲಿ. ಇದಕ್ಕೆ ದಾರಿ ಎರಡು. ಉತ್ತರವನ್ನು ಬಟನ್ ಒತ್ತಿ ಕೊಡುವ ಹಾಗೆ ಪ್ರಯೋಗವನ್ನೇ ಬದಲಿಸಿ. ಅದು ಆಗದಿದ್ದರೆ ಗದ್ದವನ್ನು ಬಿಟ್ಟು, ಹಣೆಗೆ ಮಾತ್ರ ಆಸರೆ ಕೊಡಿ, ಇಲ್ಲವೇ ತಲೆಯ ಚಲನೆಯನ್ನೂ ಹಿಡಿಯುವ ರಿಮೋಟ್ ಟ್ರ್ಯಾಕರ್ ಬಳಸಿ. ಗದ್ದ ಇಟ್ಟುಕೊಂಡೇ ಮಾತಾಡಿ ಅನ್ನುವುದು ಮಾತ್ರ ಬೇಡ.

ನನ್ನ ಅನುಭವದಲ್ಲಿ ಗದ್ದದ ಬಟ್ಟಲು ತಲೆಯ ಭಾರ ಹೊರುತ್ತದೆ, ತಲೆಯ ಜಾಗ ಹಿಡಿಯುವುದು ಹಣೆಪಟ್ಟಿ. ಹಣೆ ಪಟ್ಟಿಗೆ ಮೆತ್ತಗೆ ತಾಗಿರಬೇಕು. ಒತ್ತಿದರೆ ಹತ್ತು ನಿಮಿಷದಲ್ಲಿ ನೋವು ಶುರುವಾಗಿ ಮನುಷ್ಯ ತನಗೇ ಗೊತ್ತಿಲ್ಲದೆ ಹಿಂದೆ ಸರಿಯುತ್ತಾನೆ. ತಾಗದೇ ಇದ್ದರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಹಣೆಗೂ ಪಟ್ಟಿಗೂ ನಡುವೆ ಕೂದಲು ಸಿಕ್ಕಿದ್ದರೆ ತಲೆ ಜಾರುತ್ತದೆ, ಹಿಂದಕ್ಕೆ ತೆಗೆದು ಕೂರಿಸಿ. ಕೆನ್ನೆಯ ಎರಡೂ ಬದಿಗೆ ಮೆತ್ತೆ ಇಟ್ಟರೆ ತಲೆ ಪಕ್ಕಕ್ಕೆ ತಿರುಗುವುದು ತಪ್ಪುತ್ತದೆ.

ಈಗ ಕುರ್ಚಿಗೆ ಬರುತ್ತೇನೆ, ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಚಿನ್ ರೆಸ್ಟ್ ಒಂದು ಎತ್ತರಕ್ಕೆ ಬಿಗಿದಿರುತ್ತದೆ, ಬಂದವರು ಅದಕ್ಕೆ ಹೊಂದಿಕೊಳ್ಳಬೇಕು. ಎತ್ತರದವರು ಬೆನ್ನು ಬಾಗಿಸುತ್ತಾರೆ, ಗಿಡ್ಡ ಇದ್ದವರು ಕತ್ತು ಚಾಚುತ್ತಾರೆ. ಎರಡೂ ಭಂಗಿಯಲ್ಲಿ ಕತ್ತಿನ ಸ್ನಾಯುಗಳು ಪೂರ್ತಿ ಹೊತ್ತು ದುಡಿಯುತ್ತಿರುತ್ತವೆ, ದುಡಿಯುವ ಸ್ನಾಯು ನಡುಗುತ್ತದೆ, ಸುಸ್ತಾಗುತ್ತದೆ, ಜಾಗ ಬದಲಿಸಲು ನೋಡುತ್ತದೆ. ಮನುಷ್ಯ ಎಷ್ಟೇ ಒಳ್ಳೆಯವನಾಗಿದ್ದು, ಅಲ್ಲಾಡಬಾರದು ಅಂತ ಎಷ್ಟೇ ಮನಸ್ಸು ಮಾಡಿದರೂ, ಇಪ್ಪತ್ತು ನಿಮಿಷದ ಮೇಲೆ ಅವನ ಕತ್ತು ಅವನ ಮಾತು ಕೇಳುವುದಿಲ್ಲ.

ಮಾಡಬೇಕಾದ ಕ್ರಮ ಇದರ ಉಲ್ಟಾ. ಮೊದಲು ಕುರ್ಚಿ. ಪಾದ ಎರಡೂ ನೆಲಕ್ಕೆ ಪೂರ್ತಿ ತಾಗಬೇಕು, ತಾಗದಿದ್ದರೆ ಕಾಲಿಗೆ ಮಣೆ ಕೊಡಿ. ಕುರ್ಚಿಗೆ ಚಕ್ರ ಇರಬಾರದು, ಗರಗರ ತಿರುಗಲೂಬಾರದು. ಆಮೇಲೆ ಮೇಜು, ಮೊಣಕೈಗೆ ಆಸರೆ ಸಿಗುವ ಹಾಗೆ. ಎದೆ ಮೇಜಿನ ಅಂಚಿಗೆ ಒತ್ತಬಾರದು, ಒತ್ತಿದರೆ ಪ್ರತಿ ಉಸಿರಿಗೂ ಮೈ ಹಿಂದೆ ಮುಂದೆ ಹೋಗುತ್ತದೆ. ಇಷ್ಟಾದ ಮೇಲೆ, ಮನುಷ್ಯ ಆರಾಮಾಗಿ, ಸ್ವಲ್ಪವೇ ಮುಂದಕ್ಕೆ ಬಾಗಿ ಕೂತ ಮೇಲೆ, ಗದ್ದ ಎಲ್ಲಿದೆಯೋ ಅಲ್ಲಿಗೆ ಚಿನ್ ರೆಸ್ಟ್ ತನ್ನಿ. ಕೊನೆಗೆ ಪರದೆ ಮತ್ತು ಕ್ಯಾಮೆರಾ ಹೊಂದಿಸಿ. ಕಣ್ಣು ಪರದೆಯ ನಡುಭಾಗಕ್ಕಿಂತ ಸ್ವಲ್ಪ ಮೇಲೆ ಇರುವ ಹಾಗೆ ನೋಡಿಕೊಳ್ಳಿ, ಕ್ಯಾಮೆರಾ ಕೆಳಗಿನಿಂದ ನೋಡಲಿ, ಆಗ ರೆಪ್ಪೆ ಪಾಪೆಯನ್ನು ಮುಚ್ಚುವುದು ಕಡಿಮೆ. ಇಷ್ಟಕ್ಕೆಲ್ಲ ಒಬ್ಬರಿಗೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ಉಳಿಸಲು ಹೋಗಿ ಇಡೀ ಗಂಟೆಯ ಡೇಟಾ ಎಸೆಯುವುದನ್ನು ನಾನು ಬಹಳ ಸಲ ನೋಡಿದ್ದೇನೆ, ನೋಡಿ ಹೊಟ್ಟೆ ಉರಿದಿದೆ.

ಮೇಜಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಚಿನ್ ರೆಸ್ಟ್, ಪರದೆ, ಕ್ಯಾಮೆರಾ ಮೂರೂ ಒಂದೇ ಗಟ್ಟಿ ಮೇಜಿನ ಮೇಲಿದ್ದರೆ ಒಳ್ಳೆಯದು, ಅಲುಗಾಡಿದರೂ ಒಟ್ಟಿಗೆ ಅಲುಗಾಡುತ್ತವೆ. ಆದರೆ ಉತ್ತರದ ಬಟನ್ ಆ ಮೇಜಿನ ಮೇಲೆ ಬೇಡ. ಬಟನ್ ಒತ್ತಿದಾಗಲೆಲ್ಲ ಮೇಜು ಸಣ್ಣಗೆ ಅದುರುತ್ತದೆ, ಅದೂ ಸರಿಯಾಗಿ ಉತ್ತರ ಕೊಡುವ ಕ್ಷಣದಲ್ಲೇ, ಅಂದರೆ ಸಂಶೋಧಕರಿಗೆ ಅತಿ ಮುಖ್ಯವಾದ ಕ್ಷಣದಲ್ಲೇ. ಬಟನ್ ಪೆಟ್ಟಿಗೆ ತೊಡೆಯ ಮೇಲಿರಲಿ. ಮತ್ತೆ ಚಿನ್ ರೆಸ್ಟಿನ ತಿರುಪುಗಳು ದಿನ ಕಳೆದಂತೆ ಸಡಿಲವಾಗುತ್ತವೆ. ಬೆಳಿಗ್ಗೆ ಬಂದ ತಕ್ಷಣ ಅಲ್ಲಾಡಿಸಿ ನೋಡಿ.

ಪ್ರಯೋಗ ಬರೆಯುವವರೂ ತಲೆಯ ಬಗ್ಗೆ ಯೋಚಿಸಬೇಕು. ನೋಟವನ್ನು ದೂರದ ಮೂಲೆಗೆ ಒಯ್ಯಬೇಕಾದಾಗ ಸಹಜವಾಗಿ ತಲೆಯೂ ಕಣ್ಣಿನ ಜೊತೆ ತಿರುಗುತ್ತದೆ. ಸುಮಾರು 20 ಡಿಗ್ರಿ ದಾಟಿದ ಮೇಲಂತೂ ತಲೆ ತಿರುಗಿಸದೇ ನೋಡು ಅನ್ನುವುದು ದೇಹದ ಅಭ್ಯಾಸಕ್ಕೆ ವಿರುದ್ಧ. ದೊಡ್ಡ ಪರದೆ ತಂದು, ತೀರಾ ಹತ್ತಿರ ಇಟ್ಟು, ನಾಲ್ಕೂ ಮೂಲೆಯಲ್ಲಿ ಚಿತ್ರ ಹಾಕಿ, ಆಮೇಲೆ ತಲೆ ಅಲ್ಲಾಡಿಸಿದರು ಅಂತ ಕೂತವರನ್ನು ದೂರುವುದು ಅನ್ಯಾಯ. ಚಿತ್ರಗಳನ್ನು ನಡುವಿಗೆ ತನ್ನಿ, ಇಲ್ಲವೇ ಪರದೆ ದೂರ ಇಡಿ.

ಕೂತವರ ಜೊತೆ ಹೇಗೆ ಮಾತಾಡುತ್ತೇವೆ ಅನ್ನುವುದೂ ಒಂದು ಉಪಕರಣವೇ. ಅಲ್ಲಾಡಬೇಡಿ ಅಂತ ಗದರಿಸಿದರೆ ಭುಜ ಮೇಲೇರುತ್ತದೆ, ದವಡೆ ಬಿಗಿಯಾಗುತ್ತದೆ, ಉಸಿರು ಕಟ್ಟುತ್ತದೆ. ನಾನು ಹೇಳುವುದು ಇಷ್ಟು: ತಲೆಯ ಭಾರವನ್ನು ಬಟ್ಟಲಿಗೆ ಬಿಟ್ಟುಬಿಡಿ, ಭುಜ ಸಡಿಲ ಮಾಡಿ, ನೋವಾದರೆ ಆ ಕ್ಷಣವೇ ಹೇಳಿ, ಪ್ರಯೋಗ ನಿಲ್ಲಿಸಿದರೆ ಏನೂ ನಷ್ಟವಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬಿಡುವು ಕೊಡುತ್ತೇನೆ. ಅವರು ಕೇಳಲಿ ಅಂತ ಕಾಯುವುದಿಲ್ಲ, ಯಾಕೆಂದರೆ ಹೆಚ್ಚಿನವರು ಸಂಕೋಚಕ್ಕೆ ಕೇಳುವುದೇ ಇಲ್ಲ. ತಲೆ ತೆಗೆದು ಮತ್ತೆ ಇಟ್ಟರೆ ಮತ್ತೆ ಕ್ಯಾಲಿಬ್ರೇಶನ್, ಇದರಲ್ಲಿ ರಿಯಾಯಿತಿ ಇಲ್ಲ. ಎಷ್ಟೇ ಹುಷಾರಾಗಿ ಇಟ್ಟರೂ ತಲೆ ಅದೇ ಮಿಲಿಮೀಟರಿಗೆ ವಾಪಸ್ ಬರುವುದಿಲ್ಲ.

ಕ್ಯಾಲಿಬ್ರೇಶನ್ ಆದ ಮೇಲೆ ಅದೇ ಚುಕ್ಕೆಗಳನ್ನು ಇನ್ನೊಮ್ಮೆ ತೋರಿಸಿ ಪರೀಕ್ಷೆ ಮಾಡುತ್ತೇವೆ. ಸರಾಸರಿ ತಪ್ಪು ಅರ್ಧ ಡಿಗ್ರಿಯ ಒಳಗಿದ್ದರೆ ಸಂತೋಷ, 1 ಡಿಗ್ರಿ ದಾಟಿದರೆ ಮತ್ತೆ ಕೂರಿಸುವುದು. ಪ್ರಯೋಗದ ನಡುನಡುವೆ ಪರದೆಯ ಮಧ್ಯೆ ಒಂದು ಚುಕ್ಕೆ ತೋರಿಸಿ, ಯಂತ್ರ ಹೇಳುವ ಜಾಗಕ್ಕೂ ಚುಕ್ಕೆಗೂ ಎಷ್ಟು ಅಂತರ ಅಂತ ನೋಡುವ ಪದ್ಧತಿಯೂ ಇದೆ. ಹಲವರು ಆ ಅಂತರವನ್ನು ಒಂದು ಬಟನ್ ಒತ್ತಿ ಕಳೆದು ಮುಂದೆ ಹೋಗುತ್ತಾರೆ. ನನ್ನ ಮಾತು ಕೇಳಿ, ಹಾಗೆ ಮಾಡಬೇಡಿ. ಅಂತರ ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ತಲೆ ಜಾರುತ್ತಿದೆ ಅಂತಲೇ ಮೊದಲು ಅನುಮಾನಿಸಿ. ಮಧ್ಯದ ಚುಕ್ಕೆಗೆ ಲೆಕ್ಕ ಸರಿ ಮಾಡಿದರೆ ಮೂಲೆಗಳ ಲೆಕ್ಕ ಸರಿಯಾಗುವುದಿಲ್ಲ. ಎದ್ದು ಹೋಗಿ ಕುರ್ಚಿ ನೋಡಿ.

ಎಂಆರ್‌ಐ ಯಂತ್ರದೊಳಗೆ ಕಣ್ಣಿನ ಚಲನೆ ಅಳೆಯುವವರಿಗೆ ತಲೆ ಅಲ್ಲಾಡಿದರೆ ಎರಡು ಪೆಟ್ಟು, ಮಿದುಳಿನ ಚಿತ್ರವೂ ಕೆಡುತ್ತದೆ, ಕಣ್ಣಿನ ಲೆಕ್ಕವೂ ಕೆಡುತ್ತದೆ. ಅಲ್ಲಿ ತಲೆಯ ಸುತ್ತ ಸ್ಪಂಜು ತುಂಬುತ್ತಾರೆ. ಅದರ ಜೊತೆ ಒಂದು ಸರಳ ಉಪಾಯ ಇದೆ, ನನಗೆ ಬಹಳ ಇಷ್ಟವಾದದ್ದು. ಹಣೆಯ ಮೇಲೆ ಅಡ್ಡಲಾಗಿ ಒಂದು ಟೇಪ್ ಅಂಟಿಸಿ, ಎರಡೂ ತುದಿಯನ್ನು ಪಕ್ಕದ ಚೌಕಟ್ಟಿಗೆ ಅಂಟಿಸುವುದು. ಆ ಟೇಪಿಗೆ ತಲೆ ಹಿಡಿಯುವ ಶಕ್ತಿ ಏನೂ ಇಲ್ಲ. ತಲೆ ಒಂಚೂರು ಸರಿದರೆ ಚರ್ಮ ಎಳೆದ ಹಾಗೆ ಆಗುತ್ತದೆ, ಮಲಗಿದವರಿಗೆ ತಾನು ಸರಿದೆ ಅಂತ ತಾನೇ ಗೊತ್ತಾಗುತ್ತದೆ, ತಾನೇ ವಾಪಸ್ ಬರುತ್ತಾರೆ. ಜನಕ್ಕೆ ಅಲ್ಲಾಡುವ ಆಸೆ ಏನೂ ಇರುವುದಿಲ್ಲ, ಅಲ್ಲಾಡಿದ್ದು ಗೊತ್ತಾಗುವುದಿಲ್ಲ ಅಷ್ಟೇ. ಗೊತ್ತುಮಾಡಿಸಿದರೆ ಅರ್ಧ ಕೆಲಸ ಮುಗಿಯಿತು.

ಎಲ್ಲರ ತಲೆಯನ್ನೂ ಹೀಗೆ ನಿಲ್ಲಿಸಲು ಆಗುವುದಿಲ್ಲ, ಆಗಬಾರದು ಕೂಡ. ಎಳೆಮಗುವಿಗೆ ಚಿನ್ ರೆಸ್ಟ್ ಇಡುತ್ತೀರಾ? ಮಗು ಅಮ್ಮನ ಅಥವಾ ಅಪ್ಪನ ತೊಡೆಯ ಮೇಲೆ ಕೂರುತ್ತದೆ. ಯಂತ್ರ ತಪ್ಪಿ ದೊಡ್ಡವರ ಕಣ್ಣನ್ನು ಹಿಡಿಯಬಾರದು, ಅವರ ನೋಟ ಮಗುವಿಗೆ ಸುಳಿವೂ ಆಗಬಾರದು, ಅದಕ್ಕೆ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ ಇಲ್ಲವೇ ಬೆಳಕು ಹಾಯದ ಕನ್ನಡಕ ಹಾಕಿಕೊಳ್ಳುತ್ತಾರೆ. ಪಾರ್ಕಿನ್ಸನ್ ಕಾಯಿಲೆಯಿಂದ ನಡುಕ ಇರುವವರು, ಕತ್ತು ನೋವಿರುವ ವಯಸ್ಸಾದವರು, ಗಾಲಿಕುರ್ಚಿಯಲ್ಲಿ ಇರುವವರು, ಮುಖಕ್ಕೆ ಏನಾದರೂ ತಾಗಿದರೆ ಸಹಿಸಲಾಗದ ಮಕ್ಕಳು, ಇವರೆಲ್ಲರಿಗೂ ರಿಮೋಟ್ ಟ್ರ್ಯಾಕರ್ ಇದೆ. ಕೆಲವು ಯಂತ್ರಗಳಲ್ಲಿ ಹಣೆಗೆ ಒಂದು ಪುಟ್ಟ ಸ್ಟಿಕ್ಕರ್ ಅಂಟಿಸುತ್ತಾರೆ, ತಲೆ ಎಲ್ಲಿಗೆ ಹೋಯಿತು ಅಂತ ಯಂತ್ರ ಅದನ್ನು ನೋಡಿ ತಿಳಿಯುತ್ತದೆ. ನಿಖರತೆ ಸ್ವಲ್ಪ ಕಡಿಮೆಯಾಗುತ್ತದೆ. ಆಗಲಿ. ಚಿತ್ರಗಳನ್ನು ದೊಡ್ಡದು ಮಾಡಿ, ದೂರ ದೂರ ಇಡಿ, ಆ ಕಡಿಮೆಯೊಳಗೆ ಕೇಳಬಹುದಾದ ಪ್ರಶ್ನೆಯನ್ನೇ ಕೇಳಿ. ತಲೆ ನಿಲ್ಲಲ್ಲ ಅನ್ನುವ ಕಾರಣಕ್ಕೆ ಇವರನ್ನು ಸದ್ದಿಲ್ಲದೆ ಪಟ್ಟಿಯಿಂದ ಬಿಟ್ಟರೆ, ಆಮೇಲೆ ಮನುಷ್ಯರ ಕಣ್ಣು ಹೀಗೆ ಕೆಲಸ ಮಾಡುತ್ತದೆ ಅಂತ ಬರೆಯುವ ಹಕ್ಕು ನಮಗೆಲ್ಲಿದೆ?

ತಲೆ ಕಟ್ಟಿಹಾಕಿ ನೋಡಿಸಿದರೆ ಅದು ಸಹಜ ನೋಟವೇ ಅಲ್ಲ ಅನ್ನುವ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿದೆ. 1999ರಲ್ಲಿ ಸಂಶೋಧಕ ಮೈಕೆಲ್ ಲ್ಯಾಂಡ್ ಮತ್ತು ಅವರ ಜೊತೆಗಾರರು ತಲೆಗೆ ಕಟ್ಟಿದ ಟ್ರ್ಯಾಕರ್ ಹಾಕಿ, ಜನ ಎದ್ದು ಓಡಾಡಿ ಟೀ ಮಾಡುವಾಗ ಕಣ್ಣು ಏನು ಮಾಡುತ್ತದೆ ಅಂತ ನೋಡಿದರು. ಕೈ ಹೋಗುವ ಮೊದಲೇ ಕಣ್ಣು ಆ ವಸ್ತುವಿನ ಮೇಲೆ ಹೋಗಿರುತ್ತದೆ ಅನ್ನುವುದು ಚಿನ್ ರೆಸ್ಟಿನಲ್ಲಿ ಸಿಗುವ ಫಲಿತಾಂಶವಲ್ಲ. ಪ್ರಶ್ನೆ ಯಾವುದೋ ಅದಕ್ಕೆ ತಕ್ಕ ಏರ್ಪಾಡು. ಯಾವ ಅಕ್ಷರದ ಮೇಲೆ ಕಣ್ಣು ನಿಂತಿತು ಅಂತ ಕೇಳುವುದಾದರೆ ತಲೆ ನಿಲ್ಲಲೇಬೇಕು. ಹಾಲಿನ ಪಾತ್ರೆ ನೋಡಿದರೋ ಟೀ ಕಪ್ ನೋಡಿದರೋ ಅಂತ ಕೇಳುವುದಾದರೆ ಬೇಡ. ಒಂದು ಎಚ್ಚರ ಮಾತ್ರ: ಕನ್ನಡಕದ ಥರ ಹಾಕಿಕೊಳ್ಳುವ ಟ್ರ್ಯಾಕರ್ ಮೂಗಿನ ಮೇಲಿಂದ ಜಾರುತ್ತದೆ, ಆಗ ಇದೇ ತೊಂದರೆ ತಲೆಯಿಂದ ಕನ್ನಡಕಕ್ಕೆ ಬರುತ್ತದೆ.

ಈಗ ಎಷ್ಟೋ ಪ್ರಯೋಗಗಳು ಮನೆಯಲ್ಲೇ ಕೂತು ವೆಬ್‌ಕ್ಯಾಮ್ ಮುಂದೆ ನಡೆಯುತ್ತವೆ. ಅಲ್ಲಿ ತಪ್ಪು ಅರ್ಧ ಡಿಗ್ರಿ ಅಲ್ಲ, ಕೆಲವು ಡಿಗ್ರಿ. ತಲೆ ಹಿಡಿಯುವವರು ಯಾರೂ ಇಲ್ಲ. ಆದರೂ ಕನಿಷ್ಠ ದೂರವನ್ನಾದರೂ ತಿಳಿಯಲು 2020ರಲ್ಲಿ ಒಂದು ಜಾಣ ವಿಧಾನ ಪ್ರಕಟವಾಯಿತು, ವರ್ಚುವಲ್ ಚಿನ್ ರೆಸ್ಟ್ ಅಂತ. ಮೊದಲು ಬ್ಯಾಂಕ್ ಕಾರ್ಡಿನಷ್ಟು ಗಾತ್ರದ ವಸ್ತುವನ್ನು ಪರದೆಗೆ ಹಿಡಿದು, ಪರದೆಯ ಮೇಲಿನ ಚಿತ್ರವನ್ನು ಅದಕ್ಕೆ ಸರಿದೂಗಿಸಬೇಕು, ಇದರಿಂದ ಪರದೆಯ ಅಳತೆ ಸಿಗುತ್ತದೆ. ಆಮೇಲೆ ಒಂದು ಕಣ್ಣು ಮುಚ್ಚಿ ಒಂದು ಗುರುತನ್ನು ನೋಡುತ್ತಾ, ಪಕ್ಕಕ್ಕೆ ಸರಿಯುವ ಚುಕ್ಕೆ ಕಾಣೆಯಾದ ಕ್ಷಣ ಬಟನ್ ಒತ್ತಬೇಕು. ನಮ್ಮೆಲ್ಲರ ಕಣ್ಣಿನಲ್ಲೂ ಒಂದು ಕುರುಡು ಜಾಗ ಇದೆ, ನೋಟದ ನಡುವಿನಿಂದ ಸುಮಾರು 15 ಡಿಗ್ರಿ ಹೊರಗೆ. ಕೋನ ಗೊತ್ತು, ಪರದೆಯ ಮೇಲಿನ ಅಂತರ ಗೊತ್ತು, ಹಾಗಾದರೆ ಕೂತ ದೂರವೂ ಗೊತ್ತು. ತಲೆ ನಿಲ್ಲಿಸುವುದಿಲ್ಲ, ಆದರೆ ತಲೆ ಎಲ್ಲಿದೆ ಅಂತ ಹೇಳುತ್ತದೆ. ಲ್ಯಾಬಿನಲ್ಲಿ ಕೂತವರೂ ಇಷ್ಟು ಕಾಳಜಿ ತೋರಿಸಬೇಕು ಅನ್ನಿಸುವಷ್ಟು ಚೆನ್ನಾಗಿದೆ.

ಕೊನೆಗೆ ನಿಮ್ಮ ಹತ್ತಿರ ಒಂದು ಬೇಡಿಕೆ. ಸಂಶೋಧನೆಯ ವರದಿಗಳಲ್ಲಿ ಈ ವಿಷಯಕ್ಕೆ ಸಿಗುವುದು ಎಷ್ಟೋ ಸಲ ಒಂದೇ ಸಾಲು, ಚಿನ್ ರೆಸ್ಟ್ ಬಳಸಲಾಯಿತು ಅಂತ. ಹಣೆಗೆ ಆಸರೆ ಇತ್ತೇ, ಪರದೆ ಎಷ್ಟು ದೂರ, ಬಿಡುವು ಎಷ್ಟು ಹೊತ್ತಿಗೊಮ್ಮೆ, ಮತ್ತೆ ಕ್ಯಾಲಿಬ್ರೇಶನ್ ಮಾಡಿದರೇ, ಎಷ್ಟು ಜನರ ಡೇಟಾ ಬಿಟ್ಟರು, ಯಾಕೆ ಬಿಟ್ಟರು, ಏನೂ ಇರುವುದಿಲ್ಲ. ನಿಮ್ಮ ವರದಿಗಾರರು ಸಂಶೋಧಕರನ್ನು ಮಾತಾಡಿಸುವಾಗ ಈ ಪ್ರಶ್ನೆಗಳನ್ನು ಕೇಳಲಿ. ಜಾಹೀರಾತಿನ ಯಾವ ಮೂಲೆಯನ್ನು ಜನ ಮೊದಲು ನೋಡುತ್ತಾರೆ, ಯಾವ ಮಗುವಿಗೆ ಓದುವ ತೊಂದರೆ ಇದೆ ಅಂತೆಲ್ಲ ಕಣ್ಣಿನ ಚಲನೆ ನೋಡಿ ಹೇಳುತ್ತೇವೆ ಅನ್ನುವವರನ್ನಂತೂ ಬಿಡದೆ ಕೇಳಿ. ಮಗುವಿನ ವಿಷಯದಲ್ಲಿ ಒಂದೆರಡು ಡಿಗ್ರಿ ಆಚೀಚೆ ಆಗಿ ತಪ್ಪು ಹಣೆಪಟ್ಟಿ ಬಿದ್ದರೆ ಅದನ್ನು ಕಿತ್ತುಹಾಕುವುದು ಸುಲಭವಲ್ಲ.

ಮತ್ತೆ, ಮುಂದಿನ ಸಲ ಇಂಥ ಲೇಖನಕ್ಕೆ ಫೋಟೋ ಹಾಕುವಾಗ ಮಿನುಗುವ ಕಣ್ಣಿನ ಕ್ಲೋಸಪ್ ಒಂದನ್ನೇ ಹಾಕಬೇಡಿ. ಕೂತವರ ಇಡೀ ದೇಹ ಕಾಣುವ ಚಿತ್ರ ಕೇಳಿ ತರಿಸಿ, ಪಾದದಿಂದ ಹಣೆಯವರೆಗೆ, ಕುರ್ಚಿ ಮೇಜು ಸಮೇತ.

ಇಂತಿ,
ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನಿಮ್ಮ ಓದುಗರು